ಯಕೃತ್ತಿನ ಕೊಬ್ಬು ಮತ್ತು ನಮ್ಮ ಅಡಿಗೆಮನೆ



ಪಾಸ್ಖ ಹಬ್ಬದ ನಂತರ ಮನೆಗಳನ್ನು ಆಶೀರ್ವದಿಸಲೆಂದು ವಿಜಯಪುರ ನಗರದ ಓಣಿಗಳಲ್ಲಿ, ಅಥಣಿ ರಸ್ತೆಯ ತಿಕೋಟಾದಲ್ಲಿ, ಜಮಖಂಡಿ ರಸ್ತೆಯ ಬಬಲೇಶ್ವರದಲ್ಲಿ ತಿರುಗುವಾಗ ಇತ್ತೀಚಿನ ವರ್ಷಗಳಲ್ಲಿ ನಮಗೆ ಪದೇ ಪದೇ ಕಾಣಸಿಗುವ ಒಂದು ಕಾಗದವಿದೆ. ಪ್ರಾರ್ಥನೆ ಮುಗಿದು, ಪವಿತ್ರ ಜಲ ಸಿಂಪಡಿಸಿ ಕುಳಿತ ಮೇಲೆ ಮನೆಯ ತಾಯಿ ಕಪಾಟಿನಿಂದ ಹೊಟ್ಟೆಯ ಸ್ಕ್ಯಾನಿಂಗ್ ವರದಿಯನ್ನು ತೆಗೆದು ಕೈಗೆ ಕೊಡುತ್ತಾರೆ. ಕೊನೆಯ ಸಾಲಿನಲ್ಲಿ 'ಫ್ಯಾಟಿ ಲಿವರ್, ಗ್ರೇಡ್ ಒಂದು' ಎಂದೋ 'ಗ್ರೇಡ್ ಎರಡು' ಎಂದೋ ಬರೆದಿರುತ್ತದೆ. "ಫಾದರ್, ನಮ್ಮ ಮನ್ಯಾಗ ಇವರು ಒಂದು ಹನಿನೂ ಕುಡಿಯೂದಿಲ್ರಿ. ಮತ್ತ ಲಿವರ್ ಯಾಕ ಕೆಡ್ತು?" ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಕೆಲವೊಮ್ಮೆ ವರದಿ ಆ ತಾಯಿಯದೇ ಆಗಿರುತ್ತದೆ. ಆಗ ಪ್ರಶ್ನೆಯ ಜೊತೆಗೆ ನಾಚಿಕೆಯೂ ಇರುತ್ತದೆ.

ನಾವು ವೈದ್ಯರಲ್ಲ. ಔಷಧಿ ಬರೆಯುವುದು, ಬದಲಿಸುವುದು, ನಿಲ್ಲಿಸುವುದು ವೈದ್ಯರಿಗೆ ಬಿಟ್ಟ ವಿಷಯ. ಆದರೆ ಈ ಕಾಯಿಲೆಯಲ್ಲಿ ವೈದ್ಯರು ಬರೆಯುವ ಮೊದಲ ಔಷಧಿಯೇ ಊಟ. ಊಟವೆಂದರೆ ಕುಟುಂಬದ ಮಾತು, ಹಬ್ಬ ಮತ್ತು ಉಪವಾಸಗಳ ಮಾತು. ಆದ್ದರಿಂದ ಈ ಪುಟದಲ್ಲಿ ಅದನ್ನು ಸ್ವಲ್ಪ ವಿವರವಾಗಿ ನೋಡುವುದು ತಪ್ಪಾಗಲಾರದು ಎಂದುಕೊಂಡಿದ್ದೇವೆ.

ಮೊದಲು ಆ ನಾಚಿಕೆಯ ವಿಷಯ. ಕುಡಿಯದವರ ಯಕೃತ್ತು ಕುಡಿಯುವವರ ಯಕೃತ್ತಿನಂತೆಯೇ ಕೆಡುವುದನ್ನು ಕಂಡು ವೈದ್ಯರೇ ಬಹುಕಾಲ ಗೊಂದಲಪಟ್ಟಿದ್ದರು. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ಯುರ್ಗನ್ ಲುಡ್ವಿಗ್ ಮತ್ತು ಅವರ ಸಂಗಡಿಗರು ಇಂತಹ 20 ರೋಗಿಗಳ ಬಗ್ಗೆ ಬರೆದು, ಮದ್ಯಕ್ಕೆ ಸಂಬಂಧವಿಲ್ಲದ ಈ ಸ್ಥಿತಿಗೆ ಮೊದಲ ಬಾರಿಗೆ ಪ್ರತ್ಯೇಕ ಹೆಸರಿಟ್ಟರು. ಅದಕ್ಕೆ ಮುನ್ನ ಎಷ್ಟೋ ಮಂದಿ "ನಾವು ಕುಡಿಯುವುದಿಲ್ಲ" ಎಂದಾಗ ಆಸ್ಪತ್ರೆಗಳಲ್ಲಿ ನಂಬುವವರು ಇರಲಿಲ್ಲ. 2023ರಲ್ಲಿ ಜಗತ್ತಿನ ಯಕೃತ್ ತಜ್ಞರ ಸಂಘಗಳು ಸೇರಿ ಆ ಹೆಸರನ್ನೂ ಬದಲಿಸಿದವು. ಹೊಸ ಹೆಸರಿನಲ್ಲಿ 'ಮದ್ಯ' ಎಂಬ ಪದವೇ ಇಲ್ಲ. ದೇಹದ ಪಚನಕ್ರಿಯೆಯ, ಅಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು ಇವುಗಳ ಬಳಗಕ್ಕೆ ಸೇರಿದ ಯಕೃತ್ತಿನ ಕೊಬ್ಬು ಎಂಬುದೇ ಅದರ ಅರ್ಥ. ನಮ್ಮ ದೇಶದಲ್ಲಿ ಇದೇನೂ ಅಪರೂಪವಲ್ಲ. ಹತ್ತು ಮಂದಿಯಲ್ಲಿ ಒಬ್ಬರಿಂದ ಮೂವರಿಗೆ ಇರಬಹುದೆಂಬುದು ಕೇಂದ್ರ ಆರೋಗ್ಯ ಇಲಾಖೆಯ ಅಂದಾಜು. 2021ರಲ್ಲಿ ಸರ್ಕಾರ ಇದನ್ನು ಕ್ಯಾನ್ಸರ್, ಮಧುಮೇಹ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಹೀಗಿರುವಾಗ ವರದಿಯನ್ನು ಸೆರಗಿನಲ್ಲಿ ಮುಚ್ಚಿಡುವ ಅಗತ್ಯ ಯಾವ ಮನೆಗೂ ಇಲ್ಲ.

ಬಲಗಡೆಯ ಪಕ್ಕೆಲುಬುಗಳ ಕೆಳಗೆ ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು ನಮ್ಮ ದೇಹದ ಉಗ್ರಾಣ. ಊಟದಿಂದ ಬಂದದ್ದನ್ನು ಮೊದಲು ಎತ್ತಿಕೊಂಡು, ಬೇಕಾದ್ದನ್ನು ಹಂಚಿ, ಮಿಕ್ಕಿದ್ದನ್ನು ಕೂಡಿಡುತ್ತದೆ. ಅದರಲ್ಲಿ ಕೊಬ್ಬಿನ ಪಾಲು ನೂರಕ್ಕೆ 5ನ್ನು ಮೀರಿದರೆ ಫ್ಯಾಟಿ ಲಿವರ್ ಎನ್ನುತ್ತಾರೆ. ನೋವಿಲ್ಲ, ಜ್ವರವಿಲ್ಲ, ಕಣ್ಣು ಹಳದಿಯಾಗುವುದಿಲ್ಲ. ಬಹಳ ಮಂದಿಯಲ್ಲಿ ಇದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಕೊಬ್ಬಿನಿಂದ ಉರಿಯೂತ, ಉರಿಯೂತದಿಂದ ಗಾಯದ ಕಲೆ, ವರ್ಷಗಳು ಕಳೆದಂತೆ ಯಕೃತ್ತು ಗಟ್ಟಿಯಾಗುವ ಸಿರೋಸಿಸ್, ಒಮ್ಮೊಮ್ಮೆ ಕ್ಯಾನ್ಸರ್. ಯಕೃತ್ತು ಕೆಡುವ ಮೊದಲೇ ಹೃದಯಾಘಾತದಿಂದ ತೀರಿಕೊಳ್ಳುವವರೂ ಇದ್ದಾರೆ, ಏಕೆಂದರೆ ಎರಡರ ಬೇರೂ ಒಂದೇ. ನಲವತ್ತೈದು ವರ್ಷದ ಸಹೋದರರೊಬ್ಬರು ವರದಿಯನ್ನು ಮಡಚಿಟ್ಟು "ಗ್ರೇಡ್ ಒಂದಲ್ರೀ, ನಡೀತದ" ಎನ್ನುವಾಗ ನಮಗೆ ಕಳವಳವಾಗುವುದು ಇದಕ್ಕೇ. ಗ್ರೇಡ್ ಒಂದು ಎಂದರೆ ಹಿಂದಿರುಗಲು ದಾರಿ ಅಗಲವಾಗಿರುವಾಗಲೇ ಬಂದ ಸೂಚನೆ.

ಈ ಕೊಬ್ಬು ಎಲ್ಲಿಂದ ಬಂತು? ಯಾರನ್ನು ಕೇಳಿದರೂ "ಎಣ್ಣೆ, ತುಪ್ಪ, ಮಟನ್" ಎನ್ನುತ್ತಾರೆ. ಅದು ಕಾಲು ಭಾಗವೂ ನಿಜವಲ್ಲ. 2005ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಇಂತಹ ರೋಗಿಗಳ ಯಕೃತ್ತಿನ ಕೊಬ್ಬಿನ ಮೂಲವನ್ನು ಹುಡುಕಿದರು. ನೇರವಾಗಿ ತಿಂದ ಕೊಬ್ಬಿನಿಂದ ಬಂದದ್ದು ನೂರಕ್ಕೆ ಸುಮಾರು 15 ಮಾತ್ರ. ಸುಮಾರು 26 ಪಾಲನ್ನು ಯಕೃತ್ತು ಸಕ್ಕರೆ ಮತ್ತು ಪಿಷ್ಟದಿಂದ ತಾನೇ ತಯಾರಿಸಿತ್ತು. ಉಳಿದ ಸುಮಾರು 59 ಪಾಲು ಮೈಯಲ್ಲಿ, ವಿಶೇಷವಾಗಿ ಹೊಟ್ಟೆಯ ಸುತ್ತ, ಶೇಖರವಾದ ಬೊಜ್ಜಿನಿಂದ ರಕ್ತಕ್ಕೆ ಇಳಿದು ಬಂದದ್ದು. ಅಂದರೆ ಬಿಡಬೇಕಾದ ಮೊದಲ ವಸ್ತು ಸಕ್ಕರೆ, ಇಳಿಸಬೇಕಾದದ್ದು ಹೊಟ್ಟೆಯ ಸುತ್ತಳತೆ. ಮಟನ್‌ನ ಸರದಿ ಅವುಗಳ ನಂತರ.

ಇದು ಹೊಸ ವಿಜ್ಞಾನವಾದರೂ ಬಹಳ ಹಳೆಯ ಅನುಭವ. ಪ್ರಾಚೀನ ರೋಮನ್ನರು ಹೆಬ್ಬಾತುಗಳ ಯಕೃತ್ತನ್ನು ಕೊಬ್ಬಿಸಿ ತಿನ್ನುತ್ತಿದ್ದರು. ಅದಕ್ಕೆ ಅವರು ಹೆಬ್ಬಾತುಗಳಿಗೆ ಎಣ್ಣೆ ಕುಡಿಸಲಿಲ್ಲ, ಸಿಹಿಯಾದ ಅಂಜೂರ ತಿನ್ನಿಸಿದರು. ಅಂಜೂರಕ್ಕೆ ಲತೀನಿನಲ್ಲಿ 'ಫೀಕುಸ್', ಅಂಜೂರ ತಿಂದು ಕೊಬ್ಬಿದ ಯಕೃತ್ತಿಗೆ 'ಫಿಕಾತುಂ'. ಈ ಖಾದ್ಯ ಎಷ್ಟು ಜನಪ್ರಿಯವಾಯಿತೆಂದರೆ ಯಕೃತ್ತಿಗಿದ್ದ ಹಳೆಯ ಲತೀನ್ ಪದವೇ ಮರೆಯಾಗಿ, ಇಂದಿಗೂ ಇಟಾಲಿಯನ್ನರು ಯಕೃತ್ತಿಗೆ 'ಫೆಗಾತೊ' ಎನ್ನುತ್ತಾರೆ. ಸ್ಪೇನಿನ, ಪೋರ್ಚುಗಲ್ಲಿನ ಭಾಷೆಗಳಲ್ಲಿಯೂ ಅದೇ ಅಂಜೂರದ ಪದ ಉಳಿದಿದೆ. ಗುರುಮಠದಲ್ಲಿ ಲತೀನ್ ಬಾಯಿಪಾಠ ಮಾಡಿದ್ದು ಎಲ್ಲಿ ಉಪಯೋಗಕ್ಕೆ ಬರುತ್ತದೋ ಹೇಳಲಾಗದು!

ನಾವು ದಿನವೂ ಬಳಸುವ ಸಕ್ಕರೆಯಲ್ಲಿ ಅರ್ಧ ಗ್ಲುಕೋಸ್, ಅರ್ಧ ಫ್ರಕ್ಟೋಸ್. ಗ್ಲುಕೋಸನ್ನು ದೇಹದ ಎಲ್ಲ ಅಂಗಗಳೂ ಉರಿಸಿಕೊಳ್ಳುತ್ತವೆ. ಫ್ರಕ್ಟೋಸಿನ ಬಹುಭಾಗವನ್ನು ಯಕೃತ್ತೊಂದೇ ನಿಭಾಯಿಸಬೇಕು. ಒಮ್ಮೆಗೇ ಹೆಚ್ಚು ಬಂದರೆ ಅದು ಕೊಬ್ಬಾಗಿ ಪರಿವರ್ತನೆಯಾಗುತ್ತದೆ. ಬೆಲ್ಲ, ಜೇನುತುಪ್ಪ, ಕಬ್ಬಿನ ಹಾಲು ಈ ಲೆಕ್ಕದಲ್ಲಿ ಸಕ್ಕರೆಯ ಅಣ್ಣತಮ್ಮಂದಿರೇ. "ನಾವು ಸಕ್ಕರಿ ಬಿಟ್ಟೀವಿ, ಬೆಲ್ಲದ ಚಹಾ ಕುಡಿತೀವಿ" ಎನ್ನುವವರು ಬಾಗಿಲು ಬದಲಿಸಿದ್ದಾರೆಯೇ ಹೊರತು ಮನೆ ಬದಲಿಸಿಲ್ಲ.

ಇನ್ನು ನಮ್ಮ ಊರುಗಳಿಗೆ ಬರೋಣ. ಡೋಣಿ ಸೀಮೆಯ ಎರೆಹೊಲಗಳು ಹಿಂದಿನಿಂದಲೂ ಹಿಂಗಾರಿ ಬಿಳಿಜೋಳಕ್ಕೆ ಹೆಸರಾದವು. ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೇರಿ ಬಂದ ಮೇಲೆ ಬಬಲೇಶ್ವರದ ಕಡೆ ಕಬ್ಬು, ತಿಕೋಟಾದ ಕಡೆ ದ್ರಾಕ್ಷಿ ಹಬ್ಬಿದವು. ಇದು ದೇವರ ಕೃಪೆ, ರೈತರ ಬೆವರಿನ ಫಲ. ಅದರ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ಆದರೆ ದ್ರಾಕ್ಷಿಯನ್ನು ಒಣಗಿಸುವ ಶೆಡ್ಡುಗಳ ನಡುವೆ ಬಾಳುವ ನಾವು ಒಂದು ಸಣ್ಣ ಲೆಕ್ಕವನ್ನು ತಿಳಿದಿರಬೇಕು. ನೂರು ಗ್ರಾಂ ಹಸಿ ದ್ರಾಕ್ಷಿಯಲ್ಲಿ ಸಕ್ಕರೆ ಸುಮಾರು 16 ಗ್ರಾಂ. ನೀರಿನಂಶ ಆರಿ ಒಣದ್ರಾಕ್ಷಿಯಾದಾಗ ಅದೇ ನೂರು ಗ್ರಾಂನಲ್ಲಿ 60 ಗ್ರಾಂಗಿಂತ ಹೆಚ್ಚು. ದಾರಿಯಲ್ಲಿ ಹೋಗುತ್ತ ಬರುತ್ತ ಬಾಯಿಗೆ ಹಾಕಿಕೊಳ್ಳುವ ಒಂದು ಹಿಡಿ, ಅಂದರೆ ಸುಮಾರು 40 ಗ್ರಾಂ, 25 ಗ್ರಾಂ ಸಕ್ಕರೆಗೆ ಸಮ. ಊಟದ ನಂತರ ಎಂಟು ಹತ್ತು ಹಸಿ ದ್ರಾಕ್ಷಿ, ಒಂದು ಪೇರಲ ಹಣ್ಣು ತಿಂದರೆ ಅಡ್ಡಿಯಿಲ್ಲ. ಇಡೀ ಹಣ್ಣಿನ ನಾರು ಸಕ್ಕರೆಯನ್ನು ನಿಧಾನವಾಗಿ ಬಿಡುತ್ತದೆ. ಅದನ್ನೇ ಜ್ಯೂಸ್ ಮಾಡಿ ಸೋಸಿದರೆ ನಾರು ಜಾಲರಿಯಲ್ಲಿ ಉಳಿದು ಸಕ್ಕರೆಯಷ್ಟೇ ಲೋಟಕ್ಕೆ ಇಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ, ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಉತ್ತಮ. ಐದು ಸಣ್ಣ ಚಮಚ ಎಂದಿಟ್ಟುಕೊಳ್ಳಿ. ನಮ್ಮ ಕಡೆಯ ಒಂದು ಕಪ್ ಚಹಾಕ್ಕೆ ಎರಡು ಚಮಚ ಸಾಮಾನ್ಯ, ಅದು ದಿನಕ್ಕೆ ನಾಲ್ಕು ಸಲ. ಜೊತೆಗೆ ಖಾರಿ, ಟೋಸ್ಟ್, ಬಿಸ್ಕಿಟ್. 300 ಮಿಲಿಲೀಟರಿನ ಒಂದು ತಂಪು ಪಾನೀಯದ ಬಾಟಲಿಯಲ್ಲಿ ಸುಮಾರು 30 ಗ್ರಾಂ. ಇಲ್ಲಿ ನಾವು ಒಂದು ಬೇಡಿಕೆಯನ್ನು ಮುಂದಿಡುತ್ತೇವೆ. ಗುರುಗಳು ಮನೆಗೆ ಬಂದರೆಂದು ಮಕ್ಕಳನ್ನು ಅಂಗಡಿಗೆ ಓಡಿಸಿ ಬಾಟಲಿ ತರಿಸುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸೋಣ. ನಮಗೊಂದು ಬಾಟಲಿ ಬಂದರೆ ಮಕ್ಕಳಿಗೆ ನಾಲ್ಕು ಬರುತ್ತವೆ. ಜೀರಿಗೆ, ಕರಿಬೇವು ಹಾಕಿದ ಒಂದು ಲೋಟ ಮಜ್ಜಿಗೆ ಕೊಡಿ, ಇಲ್ಲವೇ ನಮ್ಮ ಇಂಡಿಯ ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿದ ನೀರು ಕೊಡಿ. 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ನಿಂಬೆ ಜಿಲ್ಲೆಯಲ್ಲಿರುವಾಗ ಬಣ್ಣದ ನೀರೇಕೆ? ಧರ್ಮಕೇಂದ್ರದ ಹಬ್ಬದ ಊಟದಲ್ಲಿಯೂ ಪಾಲಕರು ಇದನ್ನು ಯೋಚಿಸಬೇಕು. ರಕ್ತದೊತ್ತಡವಿದ್ದವರಿಗೆ ಮಾತ್ರ ಉಪ್ಪು ಬೇಡ.

ಹಾಗಾದರೆ ತಿನ್ನಬೇಕಾದದ್ದು ಏನು? ಆಶ್ಚರ್ಯವೆಂದರೆ ಪುಸ್ತಕಗಳು ಮೆಡಿಟರೇನಿಯನ್ ಊಟ ಎಂದು ಹೊಗಳುವ ಗುಣಗಳಲ್ಲಿ ಹೆಚ್ಚಿನವು, ಅಂದರೆ ಇಡೀ ಧಾನ್ಯ, ಕಾಳು, ಸೊಪ್ಪು, ಬೀಜ, ಸ್ವಲ್ಪ ಮೀನು, ನಮ್ಮ ಅಜ್ಜಿಯರ ಗಂಗಾಳದಲ್ಲಿಯೇ ಇದ್ದವು. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಮೂಲಂಗಿ, ಉಳ್ಳಾಗಡ್ಡಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಒಂದು ಬಟ್ಟಲು ಮೊಸರು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹೊಟ್ಟೆ ಬೇಗ ತುಂಬುತ್ತದೆ, ಬಹಳ ಹೊತ್ತು ಹಸಿವಾಗುವುದಿಲ್ಲ. ಇಂದು ಏನಾಗಿದೆಯೆಂದರೆ ರೊಟ್ಟಿ ಮಧ್ಯಾಹ್ನದ ಒಂದು ಹೊತ್ತಿಗೆ ಸರಿದಿದೆ. ಬೆಳಿಗ್ಗೆ ಮೈದಾ, ರಾತ್ರಿ ತಟ್ಟೆ ತುಂಬ ಅನ್ನ, ಸಂಜೆ ಮಿರ್ಚಿ ಭಜಿ. ಬಡಿಯುವವರಿಲ್ಲ ಎಂಬ ಕಷ್ಟವೂ ನಿಜವೇ. ದುಡಿದು ಬಂದ ತಾಯಂದಿರಿಗೆ ಕುಕ್ಕರಿನಲ್ಲಿ ಅಕ್ಕಿ ಇಡುವುದು ಸುಲಭ. ಹಾಗಿದ್ದರೆ ವಾರಕ್ಕೊಮ್ಮೆ ಬಡಿದಿಟ್ಟ ಖಡಕ್ ರೊಟ್ಟಿಯಾದರೂ ಮನೆಯಲ್ಲಿರಲಿ.

ಆದರೆ ರೊಟ್ಟಿಯೂ ಲೆಕ್ಕದಲ್ಲಿರಬೇಕು. ಬಿಸಿಲಿನಲ್ಲಿ ದಿನವಿಡೀ ದುಡಿದವರು ಐದು ತಿಂದು ಕರಗಿಸಿಕೊಂಡರೆಂದು, ಅಂಗಡಿಯ ಗಲ್ಲೆಯ ಮೇಲೋ ಕಚೇರಿಯ ಕುರ್ಚಿಯಲ್ಲೋ ಕುಳಿತ ನಾವು ಐದು ತಿನ್ನುವಂತಿಲ್ಲ. ತಟ್ಟೆಯ ಅರ್ಧ ಭಾಗ ಪಲ್ಯ ಮತ್ತು ಹಸಿ ತರಕಾರಿ, ಕಾಲು ಭಾಗ ಕಾಳು ಅಥವಾ ಮೊಟ್ಟೆ, ಮೀನು, ಕೋಳಿ, ಉಳಿದ ಕಾಲು ಭಾಗ ಮಾತ್ರ ರೊಟ್ಟಿ ಇಲ್ಲವೇ ಅನ್ನ ಎಂದು ಕಣ್ಣಳತೆಯಲ್ಲಿ ಇಟ್ಟುಕೊಂಡರೆ ತಕ್ಕಡಿ ಬೇಕಾಗುವುದಿಲ್ಲ. ಎಣ್ಣೆಗಾಯಿಯನ್ನು ಬಿಡಬೇಕಿಲ್ಲ, ಮೇಲೆ ತೇಲುವ ಎಣ್ಣೆಯನ್ನು ಬಿಡಿ. ಕರಿದ ಎಣ್ಣೆಯಲ್ಲಿಯೇ ಮತ್ತೆ ಮತ್ತೆ ಕರಿಯುವುದು ಬೇಡ. ಹಾಲು, ಸಕ್ಕರೆ ಇಲ್ಲದ ಕಾಫಿ ಕುಡಿಯುವವರಲ್ಲಿ ಯಕೃತ್ತಿನ ಗಾಯದ ಕಲೆ ಕಡಿಮೆ ಎಂದು ಹಲವು ಅಧ್ಯಯನಗಳು ಕಂಡಿವೆ, ಆದರೆ ಚಹಾದ ನಾಡಿನಲ್ಲಿ ಅದನ್ನು ಒತ್ತಾಯಿಸುವ ಧೈರ್ಯ ನಮಗಿಲ್ಲ.

ಎಷ್ಟು ಇಳಿಸಬೇಕು ಎಂಬುದಕ್ಕೂ ಲೆಕ್ಕವಿದೆ. 80 ಕಿಲೋ ತೂಕದವರು 4 ಕಿಲೋ ಇಳಿಸಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ. 6 ಕಿಲೋ ಇಳಿಸಿದರೆ ಉರಿಯೂತ ತಗ್ಗುತ್ತದೆ. 8 ಕಿಲೋ ಇಳಿಸಿದರೆ ಗಾಯದ ಕಲೆಯೂ ಹಿಂದೆ ಸರಿಯಬಹುದು. 2015ರಲ್ಲಿ ಪ್ರಕಟವಾದ ಕ್ಯೂಬಾ ದೇಶದ ಒಂದು ಅಧ್ಯಯನದಲ್ಲಿ ಉರಿಯೂತವಿದ್ದ 293 ರೋಗಿಗಳನ್ನು 52 ವಾರ ಊಟ ಮತ್ತು ನಡಿಗೆಯ ಶಿಸ್ತಿನಲ್ಲಿ ಇಟ್ಟರು. ತೂಕದ ಹತ್ತನೆಯ ಒಂದು ಭಾಗ ಇಳಿಸಿದವರಲ್ಲಿ ನೂರಕ್ಕೆ 90 ಮಂದಿಯ ಉರಿಯೂತ ವಾಸಿಯಾಯಿತು, 45 ಮಂದಿಯ ಕಲೆ ಕಡಿಮೆಯಾಯಿತು. ಆದರೆ ಅಷ್ಟು ಇಳಿಸಲು ಶಕ್ತರಾದವರು ಹತ್ತು ಮಂದಿಯಲ್ಲಿ ಒಬ್ಬರು ಮಾತ್ರ. ಹೇಳುವುದು ಸುಲಭ, ಮಾಡುವುದು ಕಷ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಆತುರವೂ ಸಲ್ಲದು. ವಾರಕ್ಕೆ ಅರ್ಧ ಕಿಲೋ ಸಾಕು. ಪಟ್ಟು ಹಿಡಿದು ಹಸಿದು ಒಮ್ಮೆಲೇ ಇಳಿಸಿದರೆ ಯಕೃತ್ತಿಗೇ ಪೆಟ್ಟು, ಪಿತ್ತಕೋಶದಲ್ಲಿ ಕಲ್ಲು. ದಿನಕ್ಕೆ ಅರ್ಧ ಗಂಟೆ, ಮಾತಾಡಲು ಸಾಧ್ಯವಾದರೂ ಹಾಡಲು ಸಾಧ್ಯವಾಗದಷ್ಟು ವೇಗದಲ್ಲಿ ನಡೆಯಿರಿ. ಗೋಳಗುಮ್ಮಟದ ಊರಿನಲ್ಲಿ ನಡೆಯಲು ಜಾಗಕ್ಕೆ ಬರವಿಲ್ಲ.

ತಪಸ್ಸುಕಾಲದ ಉಪವಾಸದ ಬಗ್ಗೆ ಹಲವರು ಕೇಳುತ್ತಾರೆ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ 18ರಿಂದ 59 ವರ್ಷದವರೆಗಿನ ಆರೋಗ್ಯವಂತರಿಗೆ ಉಪವಾಸ, ರೋಗಿಗಳಿಗೆ ವಿನಾಯಿತಿ ಉಂಟು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ರಕ್ತದ ಸಕ್ಕರೆ ಕುಸಿದು ಬಿದ್ದರೆ ಅದು ತಪಸ್ಸಲ್ಲ. ಇನ್ನೊಂದು ರೂಢಿಯನ್ನೂ ಕಾಣುತ್ತೇವೆ. ಶುಕ್ರವಾರ ಮಾಂಸ ಬಿಟ್ಟೆವೆಂದು ಶಿರಾ, ಸಜ್ಜಕ, ಸಾಬುದಾಣಿ ವಡೆ ಮಾಡಿ ಹೊಟ್ಟೆ ತುಂಬಿಸುತ್ತೇವೆ. ಯಕೃತ್ತಿನ ಮಟ್ಟಿಗೆ ಅದು ಹಬ್ಬವೇ. ಈ ನಲವತ್ತು ದಿನ ಮಾಂಸದ ಜೊತೆ ಚಹಾದ ಸಕ್ಕರೆಯನ್ನೂ ಬಿಟ್ಟು ನೋಡಿ. ಮೊದಲ ವಾರ ತಲೆನೋವು, ಸಿಡುಕು. ಮೂರನೆಯ ವಾರಕ್ಕೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಪಾಸ್ಖದಂದು ಹಳೆಯ ಅಳತೆಯ ಚಹಾ ಕುಡಿದರೆ ಪಾನಕದಂತೆ ಕಾಣುತ್ತದೆ.

ಮದ್ಯದ ವಿಷಯ ಚಿಕ್ಕದು. ಹೊಟ್ಟೆಯ ಬಾಧೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಸಂತ ಪೌಲರು ತಿಮೊಥೇಯನಿಗೆ ಹೇಳಿದ್ದನ್ನು ನಮಗೆ ನೆನಪಿಸುವ ಸಹೋದರರು ಪ್ರತಿ ಧರ್ಮಕೇಂದ್ರದಲ್ಲಿಯೂ ಇದ್ದಾರೆ. ತಿಮೊಥೇಯನ ತೊಂದರೆ ಜಠರದ್ದು, ಯಕೃತ್ತಿನದ್ದಲ್ಲ ಎಂಬುದೇ ಅವರಿಗೆ ನಮ್ಮ ಉತ್ತರ. ಯಕೃತ್ತಿನಲ್ಲಿ ಕೊಬ್ಬು ಸೇರಿದವರಿಗೆ ಮದ್ಯ ಉರಿಯುವ ಒಲೆಗೆ ಸುರಿದ ಎಣ್ಣೆ. ಕ್ರಿಸ್ತಜಯಂತಿಗೆ ಮನೆಯಲ್ಲೇ ಸಕ್ಕರೆ ಸುರಿದು ಮಾಡುವ ವೈನಿಗೂ ಇದೇ ಮಾತು.

ನಾಟಿ ಔಷಧಿ, ಲಿವರ್ ಟಾನಿಕ್‌ಗಳ ಬಗ್ಗೆ ಎಚ್ಚರಿಕೆಯಿರಲಿ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿಯ ಕಷಾಯ ಕುಡಿದ ಕೆಲವರ ಯಕೃತ್ತಿಗೇ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಗಿಡದ್ದು ಎಂದ ಮಾತ್ರಕ್ಕೆ ನಿರಪಾಯವಲ್ಲ. ಈ ಕಾಯಿಲೆಗೆ ಅಮೆರಿಕದಲ್ಲಿ 2024ರಲ್ಲಿ ಒಂದು, 2025ರಲ್ಲಿ ಇನ್ನೊಂದು ಔಷಧಿಗೆ ಅನುಮತಿ ದೊರೆತಿದೆ ನಿಜ. ಅವು ಕಲೆ ಸಾಕಷ್ಟು ಬಲಿತವರಿಗೆ, ಅದೂ ಊಟದ ಶಿಸ್ತಿನ ಜೊತೆಗೆ ಮಾತ್ರ.

ವರದಿಯಲ್ಲಿ ಗ್ರೇಡ್ ನೋಡಿ ಸುಮ್ಮನಾಗಬೇಡಿ. ಗ್ರೇಡ್ ಹೇಳುವುದು ಕೊಬ್ಬಿನ ಪ್ರಮಾಣವನ್ನು, ಕಲೆಯನ್ನಲ್ಲ. ವಯಸ್ಸು, ಎಸ್‌ಜಿಓಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಸಂಖ್ಯೆ ಈ ನಾಲ್ಕರಿಂದ ವೈದ್ಯರು 'ಫಿಬ್-4' ಎಂಬ ಅಂಕಿಯನ್ನು ಲೆಕ್ಕ ಹಾಕುತ್ತಾರೆ. ಹೊಸ ಯಂತ್ರವೇನೂ ಬೇಡ, ಸಾಧಾರಣ ರಕ್ತಪರೀಕ್ಷೆ ಸಾಕು. ಅಂಕಿ 1.3ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಸದ್ಯಕ್ಕೆ ಕಲೆಯ ಭಯ ಕಡಿಮೆ, ಹೆಚ್ಚಿದ್ದರೆ ಮುಂದಿನ ಪರೀಕ್ಷೆ ಬೇಕು. ಮನೆಯಲ್ಲಿ ಮಾಡಬಹುದಾದದ್ದು ದರ್ಜಿಯ ಟೇಪಿನ ಅಳತೆ. ಹೊಟ್ಟೆಯ ಸುತ್ತಳತೆ ಪುರುಷರಿಗೆ 90 ಸೆಂಟಿಮೀಟರ್, ಮಹಿಳೆಯರಿಗೆ 80 ಸೆಂಟಿಮೀಟರ್ ಮೀರಬಾರದು. ಸಣಕಲು ಕೈಕಾಲಿನ ಮೇಲೆ ದುಂಡು ಹೊಟ್ಟೆ ಇರುವವರೂ ಇದರಿಂದ ಹೊರತಲ್ಲ.

ಕೊನೆಯದಾಗಿ, ಒಬ್ಬರಿಗೆ ಕಾಯಿಲೆ ಬಂದಾಗ ಅವರಿಗೊಂದು ಬೇರೆ ತಟ್ಟೆ ಮಾಡುವ ಅಭ್ಯಾಸದ ಬಗ್ಗೆ. ಮನೆಮಂದಿಯೆಲ್ಲ ಹೋಳಿಗೆ ತಿನ್ನುವಾಗ ಒಬ್ಬರ ಮುಂದೆ ಮಾತ್ರ ಬೇಯಿಸಿದ ಸೊಪ್ಪು ಇಟ್ಟರೆ ಅದು ಹದಿನೈದು ದಿನಕ್ಕಿಂತ ಹೆಚ್ಚು ನಡೆಯದು. ತಂದೆಯ ಹೊಟ್ಟೆ, ಸಕ್ಕರೆ ಕಾಯಿಲೆ ಮಕ್ಕಳಿಗೂ ಹತ್ತಿರವೇ ಇರುವುದರಿಂದ ಇಡೀ ಮನೆಯ ಊಟವೇ ಬದಲಾಗಬೇಕು. ಇದರಲ್ಲಿ ಹೆಚ್ಚು ಕಾಣದೆ ಹೋಗುವವರು ಅಡಿಗೆ ಮಾಡುವ ತಾಯಂದಿರು. ಗಂಡನಿಗೆ ಸಕ್ಕರೆಯಿಲ್ಲದ ಚಹಾ, ಮಕ್ಕಳಿಗೆ ಕಾಳಿನ ಪಲ್ಯ ಎಂದು ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದ ಅನ್ನಕ್ಕೆ ತಳದ ಎಣ್ಣೆಸಾರು ಕಲಸಿಕೊಂಡು, ಚೆಲ್ಲಬಾರದೆಂದು ಮಿಕ್ಕ ಶಿರಾವನ್ನೂ ತಿಂದು ಏಳುವವರು ಅವರು. ಅವರ ರಕ್ತಪರೀಕ್ಷೆ ಕೊನೆಯ ಹೆರಿಗೆಯಾದ ಮೇಲೆ ಆಗಿಯೇ ಇರುವುದಿಲ್ಲ. ಆರು ತಿಂಗಳಿಗೊಮ್ಮೆ ಗಂಡನನ್ನು ಪರೀಕ್ಷೆಗೆ ಕರೆದುಕೊಂಡು ಹೋಗುವ ದಿನ ಅವರ ರಕ್ತವನ್ನೂ ಕೊಡಿಸಿ. ಪಲ್ಯ ಬಡಿಸುವಾಗ ಅವರ ತಟ್ಟೆಗೂ ಮೊದಲೇ ತೆಗೆದಿಡಿ.